ಬೇರೆ ಬೇರೆ ಜನ ಒಂದೇ ದೇಶದಲ್ಲಿದ್ದರೆ ಜಗಳ ಆಗಲೇಬೇಕಾ?

ಅರೆಬರೆ ಓದುಗ

ಎಲ್ಲರಿಗೂ ನಮಸ್ಕಾರ. ಎಂ.ಎ. ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ. ಹಲವು ಭಾಷೆ, ಹಲವು ಧರ್ಮ, ಹಲವು ಬುಡಕಟ್ಟು ಇರುವ ದೇಶಗಳಲ್ಲಿ ಒಳಜಗಳ ಯಾಕೆ ಹುಟ್ಟುತ್ತದೆ ಅನ್ನುವುದೇ ವಿಷಯ.

ನನ್ನ ಎದುರು ವಾದ ಮಾಡುವ ಗೆಳೆಯನ ಮಾತು ಬಹಳ ಸರಳ. ಯುಗೊಸ್ಲಾವಿಯಾ ಚೂರಾಯಿತು, ಲೆಬನಾನ್ 15 ವರ್ಷ ಉರಿಯಿತು, ಶ್ರೀಲಂಕಾ ಕಥೆ ಗೊತ್ತೇ ಇದೆ. ವೈವಿಧ್ಯ ಜಾಸ್ತಿ ಆದಷ್ಟೂ ಜಗಳ ಜಾಸ್ತಿ, ಒಂದೇ ಭಾಷೆ ಒಂದೇ ಧರ್ಮ ಇದ್ದರೆ ನೆಮ್ಮದಿ ಅನ್ನುತ್ತಾನೆ. ನನಗೆ ಇದು ಒಪ್ಪಿಗೆಯಿಲ್ಲ. ಆದರೆ ತಿರುಗಿ ಹೇಳಲು ಗಟ್ಟಿ ಉದಾಹರಣೆ ಸಿಗುತ್ತಿಲ್ಲ. 'ಎಲ್ಲದಕ್ಕೂ ರಾಜಕಾರಣಿಗಳೇ ಕಾರಣ' ಅಂದುಬಿಟ್ಟರೆ ಅದೂ ಅಷ್ಟೇ ಸುಲಭದ ಉತ್ತರ.

ದಯವಿಟ್ಟು ದೇಶ, ವರ್ಷ, ಘಟನೆ ಹಿಡಿದು ಹೇಳಿ. ತತ್ವ ಬೇಡ.

ನೇರ ಮಾತು

ನಿಮ್ಮ ಗೆಳೆಯನಿಗೆ ಸೊಮಾಲಿಯಾ ನೋಡು ಅಂತ ಹೇಳಿ. ಬಹುಪಾಲು ಒಂದೇ ಜನಾಂಗ, ಒಂದೇ ಭಾಷೆ, ಹೆಚ್ಚುಕಡಿಮೆ ಎಲ್ಲರೂ ಸುನ್ನಿ ಮುಸ್ಲಿಮರು. 1991ರಲ್ಲಿ ಸಿಯಾದ್ ಬಾರೆಯ ಸರ್ಕಾರ ಬಿತ್ತು. ಜೊತೆಗೆ ದೇಶವೇ ಕುಸಿಯಿತು. ಕುಲ ಕುಲಗಳ ನಡುವೆ ಗುಂಡು ಹಾರಿತು. ಹೊಡೆದಾಡಲೇಬೇಕು ಅಂದವರಿಗೆ ನೆಪ ಸಿಕ್ಕೇ ಸಿಗುತ್ತದೆ. ನಿಮ್ಮ ಸೆಮಿನಾರ್ ಇಲ್ಲಿಗೆ ಮುಗಿಯಿತು!

ಹಳೇ ಮೇಷ್ಟ್ರು

ಸೊಮಾಲಿಯಾ ಒಳ್ಳೆಯ ಉದಾಹರಣೆಯೇ. ಆದರೆ ಸೆಮಿನಾರ್ ಅಲ್ಲಿಗೆ ಮುಗಿಯುವುದಿಲ್ಲ. ವೈವಿಧ್ಯ ಇಲ್ಲದ ಕಡೆಯೂ ಜಗಳ ಆಗುತ್ತದೆ ಅಂತ ಅದು ತೋರಿಸುತ್ತದೆ. ವೈವಿಧ್ಯ ಇರುವ ಕಡೆ ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಅನ್ನುವುದಕ್ಕೆ ಉತ್ತರ ಬೇಕಲ್ವಾ?

ನಾನು ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಉತ್ತರ ಪತ್ರಿಕೆಗಳಲ್ಲಿ 'ಶತಮಾನಗಳ ದ್ವೇಷ' ಅನ್ನುವ ಸಾಲು ಓದಿ ಓದಿ ಸಾಕಾಗಿದೆ. ದ್ವೇಷ ಅಷ್ಟು ಹಳೆಯದಾಗಿದ್ದರೆ ಹೊಡೆದಾಟವೂ ಅಷ್ಟೇ ಹಳೆಯದಾಗಿರಬೇಕಿತ್ತು. ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟೇ. ಇತಿಹಾಸದ ಪುಸ್ತಕ ಆಮೇಲೆ ತೆಗೆಯಿರಿ. ಮೊದಲು ಆ ದೇಶದ ಪಟ್ಟಿಗಳನ್ನು ತೆಗೆಯಿರಿ. ಸರ್ಕಾರಿ ಕೆಲಸದ ಪಟ್ಟಿ, ಕಾಲೇಜು ಸೀಟಿನ ಪಟ್ಟಿ, ಮನೆ ಹಂಚಿದ ಪಟ್ಟಿ, ಮತದಾರರ ಪಟ್ಟಿ. ಯಾರ ಹೆಸರು ಯಾವ ಕಾರಣಕ್ಕೆ ಬಿಟ್ಟುಹೋಯಿತು, ಬಿಟ್ಟುಹೋದವನಿಗೆ ಮತ್ತೆ ಸೇರುವ ದಾರಿ ಇದೆಯಾ, ಇದನ್ನು ನೋಡಿ.

ಮೊದಲು ಮಲಾವಿ–ಜಾಂಬಿಯಾ ಗಡಿ. ಆ ಗೆರೆ ಎಳೆದವರು ಬ್ರಿಟಿಷರು. ಗೆರೆಯ ಎರಡೂ ಕಡೆ ಚೇವಾ ಮತ್ತು ತುಂಬುಕಾ ಅನ್ನುವ ಅದೇ ಎರಡು ಸಮುದಾಯಗಳಿವೆ. ಭಾಷೆ ಅದೇ, ಕುಣಿತ ಅದೇ, ಹಿರಿಯರ ಕಥೆಗಳೂ ಅವೇ. ಡೇನಿಯಲ್ ಪೋಸ್ನರ್ ಎಂಬ ವಿದ್ವಾಂಸರು ಎರಡೂ ಬದಿಯ ಹಳ್ಳಿಗಳಲ್ಲಿ ಜನರನ್ನು ಮಾತಾಡಿಸಿ 2004ರಲ್ಲಿ ಅದನ್ನು ಪ್ರಕಟಿಸಿದರು. ಮಲಾವಿ ಕಡೆಯವರಲ್ಲಿ ಬಹಳ ಜನ ಇನ್ನೊಂದು ಸಮುದಾಯದವರನ್ನು ಮದುವೆಯಾಗಲು ಹಿಂಜರಿದರು, ಅವರ ಅಭ್ಯರ್ಥಿಗೆ ವೋಟು ಹಾಕಲೂ ಮನಸ್ಸು ಮಾಡಲಿಲ್ಲ. ಜಾಂಬಿಯಾ ಕಡೆ ಹಾಗಿರಲಿಲ್ಲ. ಅಲ್ಲಿ ಇಬ್ಬರೂ ನಂಟರ ಹಾಗಿದ್ದರು. ಪೋಸ್ನರ್ ಕೊಡುವ ಕಾರಣ ತಲೆ ಎಣಿಕೆ. ಮಲಾವಿಯಲ್ಲಿ ಎರಡೂ ಗುಂಪುಗಳು ಒಂದೊಂದು ಪಕ್ಷಕ್ಕೆ ಬುನಾದಿ ಆಗುವಷ್ಟು ದೊಡ್ಡವು. ಜಾಂಬಿಯಾದಲ್ಲಿ ಎರಡೂ ಚಿಕ್ಕವು. 'ನಾವು ಪೂರ್ವದವರು' ಅಂತ ಒಟ್ಟಿಗೆ ನಿಂತರೆ ಮಾತ್ರ ರಾಜಧಾನಿಯಲ್ಲಿ ಏನಾದರೂ ಗಿಟ್ಟೀತು. ಈಗ ಹೇಳಿ, ಶತಮಾನಗಳ ದ್ವೇಷ ಗಡಿಯ ಒಂದೇ ಪಕ್ಕದಲ್ಲಿ ಯಾಕಿದೆ?

ಇನ್ನು ಶ್ರೀಲಂಕಾ. ಇದನ್ನು ನಿಧಾನವಾಗಿ ನೋಡಬೇಕು. ಬ್ರಿಟಿಷರ ಕಾಲದಲ್ಲಿ ಇಂಗ್ಲಿಷ್ ಬಂದವರಿಗೆ ನೌಕರಿ. ಜಾಫ್ನಾ ಕಡೆ ಮಿಷನರಿ ಶಾಲೆಗಳು ಚೆನ್ನಾಗಿದ್ದವು, ಭೂಮಿ ಒಣಭೂಮಿ. ಓದಿ ಸರ್ಕಾರಿ ಕೆಲಸ ಹಿಡಿಯುವುದು ಅಲ್ಲಿನ ತಮಿಳರ ಬದುಕಿನ ದಾರಿಯಾಗಿತ್ತು. ಸಿಂಹಳದಲ್ಲಿ ಓದಿದ ಹಳ್ಳಿ ಹುಡುಗನಿಗೆ ಇದು ಕಣ್ಣಿಗೆ ಚುಚ್ಚುತ್ತಿತ್ತು. ಅವನ ದೂರು ಸುಳ್ಳಲ್ಲ, ಇದನ್ನು ಮರೆಯಬೇಡಿ. ಅವನಿಗೆ ಇಂಗ್ಲಿಷ್ ಒಂದು ಗೋಡೆ. 1956ರಲ್ಲಿ ಎಸ್.ಡಬ್ಲ್ಯೂ.ಆರ್.ಡಿ. ಬಂಡಾರನಾಯಕೆ ಆ ಸಿಟ್ಟಿನ ಬೆನ್ನೇರಿ ಚುನಾವಣೆ ಗೆದ್ದು ಪ್ರಧಾನಿಯಾದರು. ಅದೇ ವರ್ಷ 'ಸಿಂಹಳ ಮಾತ್ರ' ಅನ್ನುವ ಕಾನೂನು ಬಂತು. ಇಂಗ್ಲಿಷಿನ ಗೋಡೆ ಬಿತ್ತು ನಿಜ. ಆದರೆ ತಮಿಳರ ಮುಂದೆ ಹೊಸ ಗೋಡೆ ಎದ್ದಿತು.

ಆಮೇಲೆ ಕಾಲೇಜು ಸೀಟಿನ ಸರದಿ. 1971ರಲ್ಲಿ ವೈದ್ಯಕೀಯ ಸೀಟಿಗೆ ತಮಿಳು ವಿದ್ಯಾರ್ಥಿಗೆ 400ಕ್ಕೆ 250 ಅಂಕ ಬೇಕಿತ್ತು, ಸಿಂಹಳ ವಿದ್ಯಾರ್ಥಿಗೆ 229 ಸಾಕಿತ್ತು. ಜಾಫ್ನಾದ ಹುಡುಗನಿಗೆ ರಾಜಕೀಯ ಅರ್ಥವಾಗಲು ಭಾಷಣ ಬೇಕಿರಲಿಲ್ಲ. ಫಲಿತಾಂಶದ ಹಾಳೆ ಸಾಕಿತ್ತು. 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟುಹೋಯಿತು. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರನ್ನು ಹುಡುಕಿ ಕೊಂದರು. ಯುದ್ಧ 2009ರ ಮೇ ತನಕ ನಡೆಯಿತು.

ಇಲ್ಲಿ ಒಂದು ವಿಷಯವನ್ನು ಜನ ಬಿಟ್ಟುಬಿಡುತ್ತಾರೆ. ಅದೇ 1971ರ ಏಪ್ರಿಲ್‌ನಲ್ಲಿ ಸಿಂಹಳ ಹುಡುಗರೇ ಸಿಂಹಳ ಸರ್ಕಾರದ ಮೇಲೆ ಬಂದೂಕು ಎತ್ತಿದ್ದರು. ಜೆವಿಪಿ ಅನ್ನುವ ಎಡಪಂಥೀಯ ಪಕ್ಷದ ದಂಗೆ ಅದು. ಬಹುಪಾಲು ಓದಿ ಕೆಲಸ ಸಿಗದವರು. 1987ರಿಂದ 89ರವರೆಗೆ ಎರಡನೇ ದಂಗೆ. ಎರಡನ್ನೂ ಸರ್ಕಾರ ಬರ್ಬರವಾಗಿ ಹತ್ತಿಕ್ಕಿತು. ಅಂದರೆ ಕೆಲಸದ ಬರ ಎರಡೂ ಕಡೆ ಇತ್ತು, ಸಿಟ್ಟೂ ಇತ್ತು. ಆದರೆ ಸಿಂಹಳ ಹುಡುಗನನ್ನು ಅವನ ಹುಟ್ಟಿನ ಕಾರಣಕ್ಕೆ ಯಾರೂ ಪಟ್ಟಿಯಿಂದ ಕೈಬಿಟ್ಟಿರಲಿಲ್ಲ. ಸೋತ ಮೇಲೂ ಅವನಿಗೆ ಚುನಾವಣೆಯ ಬಾಗಿಲು ತೆರೆದಿತ್ತು. ಆ ಜೆವಿಪಿಯ ನಾಯಕರೇ 2024ರಲ್ಲಿ ದೇಶದ ಅಧ್ಯಕ್ಷರಾದರು! ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ. ಬಡತನ ಸಿಟ್ಟು ಹುಟ್ಟಿಸುತ್ತದೆ. ಆ ಸಿಟ್ಟಿಗೆ ಜಾತಿ, ಭಾಷೆ, ಧರ್ಮದ ರೂಪ ಕೊಡುವುದು ಸರ್ಕಾರ ಮಾಡುವ ಪಟ್ಟಿ.

ಯುರೋಪಿನ ಒಂದು ಪಟ್ಟಿ ನೋಡಿ. ಉತ್ತರ ಐರ್ಲೆಂಡಿನ ಗಲಭೆಯನ್ನು ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ಜಗಳ ಅಂತ ಬರೆಯುತ್ತಾರೆ. ಯಾವುದೋ ಪೂಜಾವಿಧಿಗೆ ಹೊಡೆದಾಡಿದರೇನೋ ಅನ್ನುವ ಹಾಗೆ. 1960ರ ದಶಕದಲ್ಲಿ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಮತ ಇರಲಿಲ್ಲ. ಮನೆ ಹಿಡಿದು ತೆರಿಗೆ ಕಟ್ಟುವವರಿಗೆ ಮತ. ಸರ್ಕಾರಿ ಮನೆ ಹಂಚುವುದು ಅದೇ ಸ್ಥಳೀಯ ಮಂಡಳಿ. ಕ್ಯಾಥೊಲಿಕ್ ಕುಟುಂಬಕ್ಕೆ ಮನೆ ಕೊಟ್ಟರೆ ಎದುರು ಪಕ್ಷಕ್ಕೆ ವೋಟು ಕೊಟ್ಟ ಹಾಗೆ! ಡೆರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚಿದ್ದರು. ಆದರೂ ವಾರ್ಡ್ ಗೆರೆ ಎಳೆದ ಚಮತ್ಕಾರದಿಂದ 20 ಸ್ಥಾನಗಳಲ್ಲಿ 12 ಯೂನಿಯನಿಸ್ಟರ ಪಾಲು, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವ, ಹೆಚ್ಚಾಗಿ ಪ್ರೊಟೆಸ್ಟೆಂಟರ ಪಕ್ಷದ ಪಾಲು. 1968ರ ಜೂನ್‌ನಲ್ಲಿ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ 19 ವರ್ಷದ, ಮದುವೆಯಾಗದ ಒಬ್ಬ ಪ್ರೊಟೆಸ್ಟೆಂಟ್ ಹುಡುಗಿಗೆ ಮನೆ ಕೊಟ್ಟರು. ಮಕ್ಕಳಿರುವ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಲೇ ಇದ್ದವು. ಆ ಒಂದು ಮನೆಯಿಂದ ನಾಗರಿಕ ಹಕ್ಕುಗಳ ಮೆರವಣಿಗೆ ಶುರುವಾಯಿತು. ಅಕ್ಟೋಬರ್‌ನಲ್ಲಿ ಡೆರಿಯಲ್ಲಿ ಪೊಲೀಸರು ಮೆರವಣಿಗೆಯವರ ಮೇಲೆ ಲಾಠಿ ಬೀಸಿದರು. ಮುಂದಿನ ವರ್ಷ ಸೈನ್ಯ ಬಂತು. ಸುಮಾರು 30 ವರ್ಷದಲ್ಲಿ ಸತ್ತವರು 3,500ಕ್ಕೂ ಹೆಚ್ಚು.

ಐವರಿ ಕೋಸ್ಟ್ ಬಗ್ಗೆ ಎರಡೇ ಮಾತು. ಅಧ್ಯಕ್ಷ ಹೂಫೂವೆ-ಬ್ವಾನಿ 1960ರಿಂದ 1993ರಲ್ಲಿ ಸಾಯುವವರೆಗೂ ಆಳಿದರು. ಕೋಕೋ ತೋಟಕ್ಕೆ ಕೈ ಬೇಕಿತ್ತು. ಉಳುವವನದೇ ನೆಲ ಅಂತ ಬುರ್ಕಿನಾ ಫಾಸೊ, ಮಾಲಿ ದೇಶಗಳವರನ್ನು ಕರೆದರು. ಕೋಕೋ ಬೆಲೆ ಚೆನ್ನಾಗಿದ್ದಷ್ಟು ಕಾಲ ಅವರೆಲ್ಲ ನಮ್ಮವರು. 1980ರ ದಶಕದ ಕೊನೆಗೆ ಬೆಲೆ ಬಿತ್ತು, ಅಧ್ಯಕ್ಷರು ತೀರಿಕೊಂಡರು, ಉತ್ತರಾಧಿಕಾರಿಗೆ ಎದುರಾಳಿ ಕಾಣಿಸಿದ. ಥಟ್ಟನೆ 'ನಿಜವಾದ ಐವರಿಯನ್ ಯಾರು' ಅನ್ನುವ ಪ್ರಶ್ನೆ ಎದ್ದಿತು. ಅಭ್ಯರ್ಥಿಯ ತಂದೆ ತಾಯಿ ಇಬ್ಬರೂ ಇಲ್ಲಿಯವರೇ ಆಗಿರಬೇಕು ಅಂತ ನಿಯಮ ಬಂತು. ಉತ್ತರದ ನಾಯಕ ವತ್ತಾರಾ ಸ್ಪರ್ಧೆಯಿಂದ ಹೊರಗೆ. 2002ರಲ್ಲಿ ಯುದ್ಧ.

ಪ್ರಶ್ನೆ ಮುಗಿಯದವಳು

ಮೇಷ್ಟ್ರೇ, ಪಟ್ಟಿಯಿಂದ ಸಿಟ್ಟು ಬರುತ್ತದೆ, ಒಪ್ಪಿದೆ. ಆದರೆ ಸಿಟ್ಟು ಬಂದವನು ಕಚೇರಿ ಮುಂದೆ ಧರಣಿ ಕೂರುತ್ತಾನೆ. ಪಕ್ಕದ ಮನೆಯವನನ್ನು ಕೊಲ್ಲುವುದು ಬೇರೆಯೇ ವಿಷಯ. ನಿಮ್ಮ ಉತ್ತರದಲ್ಲಿ ಆ ಜಿಗಿತ ಇಲ್ಲ.

ರುವಾಂಡಾ ತೆಗೆದುಕೊಳ್ಳಿ. ಹುಟು, ಟುಟ್ಸಿ ಇಬ್ಬರದೂ ಕಿನ್ಯರುವಾಂಡ ಭಾಷೆ, ಹೆಚ್ಚಿನವರು ಕ್ರೈಸ್ತರು, ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕದ ಮನೆ. ಬೆಲ್ಜಿಯಂನವರು 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಜನಾಂಗದ ಹೆಸರು ಅಚ್ಚು ಹಾಕಿಸಿದರು. ನಿಮ್ಮ ಪಟ್ಟಿ ಇದೇ. ಆದರೆ ಚೀಟಿ ಬಂದು 60 ವರ್ಷ ಆದ ಮೇಲೆ, 1994ರಲ್ಲೇ ಯಾಕೆ ಸುಮಾರು 100 ದಿನದಲ್ಲಿ 8 ಲಕ್ಷದಷ್ಟು ಜನ ಸತ್ತರು?

ನಾನು ಓದಿಕೊಂಡ ಹಾಗೆ, ಜಗಳ ಮೊದಲು ಹುಟ್ಟಿದ್ದು ಆಗ ಆಳುತ್ತಿದ್ದ ಹುಟು ಪಾಳೆಯದ ಒಳಗೇ. 1989ರಲ್ಲಿ ಕಾಫಿ ಬೆಲೆ ನೆಲಕಚ್ಚಿತು. ಸರ್ಕಾರದ ಬೊಕ್ಕಸ ಬರಿದಾಯಿತು. 1990ರಲ್ಲಿ ಹೊರಗಿದ್ದ ಟುಟ್ಸಿ ಪಡೆ ಗಡಿ ದಾಟಿತು. ಬಹುಪಕ್ಷ ಪದ್ಧತಿಗೆ ಒತ್ತಡ ಬಂತು. 1993ರ ಆಗಸ್ಟ್‌ನಲ್ಲಿ ಅರುಷಾದಲ್ಲಿ ಅಧಿಕಾರ ಹಂಚಿಕೆಯ ಒಪ್ಪಂದ ಆಯಿತು. ಕುರ್ಚಿ ಹೋಗುತ್ತದೆ ಅಂತ ಹೆದರಿದವರು ಅದೇ ವರ್ಷ ಟುಟ್ಸಿಗಳ ಮೇಲೆ ದ್ವೇಷ ಹರಡುವ ಆರ್‌ಟಿಎಲ್‌ಎಂ ರೇಡಿಯೊ ಶುರುಮಾಡಿದ್ದರು, ಪುಂಡರ ಪಡೆಗೆ ತರಬೇತಿ ಕೊಡುತ್ತಿದ್ದರು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನ ಬಿತ್ತು. ಮರುದಿನ ಸೈನಿಕರು ಕೊಂದವರಲ್ಲಿ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನಾ ಒಬ್ಬರು. ಆಕೆ ಹುಟು! ರಾಜಿಗೆ ಒಪ್ಪಿದ ಸ್ವಂತ ಕಡೆಯವರನ್ನು ಮೊದಲು ಮುಗಿಸಿದರು. ಆಮೇಲೆ ಸಾಮಾನ್ಯ ಹುಟುವಿಗೆ ಉಳಿದ ಆಯ್ಕೆ ಏನು? ಸೇರಿಕೋ, ಇಲ್ಲವೇ ನೀನೂ ದ್ರೋಹಿ.

ನಿಮ್ಮ ಶ್ರೀಲಂಕಾದಲ್ಲೂ ಇದೇ ಎಳೆ ಇದೆ. ಬಂಡಾರನಾಯಕೆ 1957ರಲ್ಲಿ ತಮಿಳು ನಾಯಕ ಚೆಲ್ವನಾಯಕಂ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದರು. ವಿರೋಧ ಪಕ್ಷದ ಜೆ.ಆರ್. ಜಯವರ್ಧನೆ ಅದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. ಭಿಕ್ಕುಗಳು ಪ್ರಧಾನಿಯ ಮನೆ ಮುಂದೆ ಕೂತರು. 1958ರಲ್ಲಿ ಒಪ್ಪಂದ ಹರಿದುಹೋಯಿತು. 1959ರಲ್ಲಿ ಬಂಡಾರನಾಯಕೆಯನ್ನು ಗುಂಡಿಟ್ಟು ಕೊಂದವನು ತಮಿಳನಲ್ಲ, ಒಬ್ಬ ಬೌದ್ಧ ಭಿಕ್ಕು.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಒಂದು ಗುಂಪಿನ ಒಳಗೆ 'ನಾನೇ ನಿಜವಾದ ನಾಯಕ' ಅಂತ ಪೈಪೋಟಿ ಮಾಡುವವರು ಯಾರು? ರಾಜಿ ಮಾಡಿಕೊಂಡವನಿಗೆ ಅಲ್ಲಿ ಉಳಿಗಾಲ ಇದೆಯಾ?

ಅರೆಬರೆ ಓದುಗ

ಇಬ್ಬರಿಗೂ ತುಂಬಾ ಧನ್ಯವಾದ. ಚೇವಾ–ತುಂಬುಕಾ ಉದಾಹರಣೆ ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ 'ಸರಿ, ಹಾಗಾದರೆ ಜಗಳ ಆಗದ ಹಾಗೆ ನಿಯಮ ಮಾಡಲು ಆಗುತ್ತಾ? ಲೆಬನಾನ್ ಎಲ್ಲರಿಗೂ ಪಾಲು ಕೊಟ್ಟಿತ್ತು, ಏನಾಯಿತು?' ಅಂದ. ಇದಕ್ಕೆ ಏನು ಹೇಳಲಿ ಮೇಷ್ಟ್ರೇ?

ಹಳೇ ಮೇಷ್ಟ್ರು

ಮೊದಲು ಮೇಲಿನ ತಂಗಿಯ ಮಾತಿಗೆ. ಅವರು ಹೇಳಿದ್ದು ನನ್ನ ಉತ್ತರಕ್ಕೆ ಬೇಕಾದ ಇನ್ನರ್ಧ. ಅದಕ್ಕೆ ಯುಗೊಸ್ಲಾವಿಯಾ ಸೇರಿಸಿಕೊಳ್ಳಿ. ಅದನ್ನು ಆಳುತ್ತಿದ್ದ ಟಿಟೊ 1980ರಲ್ಲಿ ತೀರಿಕೊಂಡರು. ಆಗ ವಿದೇಶಿ ಸಾಲ 20 ಶತಕೋಟಿ ಡಾಲರ್ ಹತ್ತಿರ. ದಶಕದ ಕೊನೆಗೆ ಬೆಲೆಗಳು ಹುಚ್ಚುಹಿಡಿದ ಹಾಗೆ ಏರಿದವು. ಇಷ್ಟಾದರೂ ದೇಶ ಉಳಿಯಬಹುದಿತ್ತೋ ಏನೋ. ಆದರೆ 1990ರಲ್ಲಿ ಮೊದಲ ಮುಕ್ತ ಚುನಾವಣೆ ನಡೆದದ್ದು ದೇಶದ ಒಳಗಿನ ಸರ್ಬಿಯಾ, ಕ್ರೊಯೇಷಿಯಾದಂಥ ಗಣರಾಜ್ಯಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ. ಇಡೀ ದೇಶಕ್ಕೆ ಅಂತ ಒಂದು ಮುಕ್ತ ಚುನಾವಣೆ ಆಗಲೇ ಇಲ್ಲ. ಸರ್ಬಿಯಾದ ನಾಯಕನಿಗೆ ಕ್ರೊಯೇಷಿಯಾದ ಒಂದು ವೋಟೂ ಬೇಕಿರಲಿಲ್ಲ. ಕ್ರೊಯೇಷಿಯಾದವನಿಗೂ ಅಷ್ಟೇ. ತನ್ನವರ ನಡುವೆ ಜೋರಾಗಿ ಕೂಗಿದವನೇ ಗೆದ್ದ. ಸರ್ವಾಧಿಕಾರಿ ಫ್ರಾಂಕೊ ಸತ್ತ ಮೇಲೆ ಸ್ಪೇನ್ 1977ರಲ್ಲಿ ಮೊದಲು ಇಡೀ ದೇಶದ ಚುನಾವಣೆ ಮಾಡಿತು, ಕ್ಯಾಟಲೋನಿಯಾ, ಬಾಸ್ಕ್ ಪ್ರಾಂತ್ಯದ ಚುನಾವಣೆ 1980ರಲ್ಲಿ ಬಂತು. ಬಾಸ್ಕ್ ಹಿಂಸೆ ಅದರಿಂದ ನಿಂತಿತು ಅಂತ ನಾನು ಹೇಳುವುದಿಲ್ಲ. ದೇಶ ಮಾತ್ರ ಒಡೆಯಲಿಲ್ಲ.

ಈಗ ಲೆಬನಾನ್. ನಿಮ್ಮ ಗೆಳೆಯನ ಪ್ರಶ್ನೆ ಚೆನ್ನಾಗಿದೆ. ಪಾಲು ಕೊಟ್ಟದ್ದು ನಿಜ. 1943ರ ಒಪ್ಪಂದದ ಪ್ರಕಾರ ಅಧ್ಯಕ್ಷ ಮ್ಯಾರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸಭಾಧ್ಯಕ್ಷ ಶಿಯಾ. ಸಂಸತ್ತಿನಲ್ಲಿ 5 ಮುಸ್ಲಿಮರಿಗೆ 6 ಕ್ರೈಸ್ತರು. ಲೆಕ್ಕಕ್ಕೆ ಆಧಾರ 1932ರ ಜನಗಣತಿ. ಸಮಸ್ಯೆ ಏನು ಗೊತ್ತಾ? ಅದೇ ಕೊನೆಯ ಜನಗಣತಿ. ಆಮೇಲೆ ಎಣಿಸಲು ಯಾರಿಗೂ ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಜನ ಬೆಳೆದರು, ಪಾಲು ಬೆಳೆಯಲಿಲ್ಲ. ಮಗುವಿಗೆ ಹೊಲಿಸಿದ ಅಂಗಿಯನ್ನು ಮದುವೆ ವಯಸ್ಸಿನವನಿಗೆ ತೊಡಿಸಿದ ಹಾಗಾಯಿತು. ಪ್ಯಾಲೆಸ್ತೀನ್ ಹೋರಾಟಗಾರರು, ಸಿರಿಯಾ, ಇಸ್ರೇಲ್ ಎಲ್ಲ ಸೇರಿ 1975ರಿಂದ 1990ರವರೆಗೆ ಯುದ್ಧ ನಡೆಯಿತು. 1989ರ ತಾಯಿಫ್ ಒಪ್ಪಂದದಲ್ಲಿ ಎರಡೂ ಕಡೆಗೆ ಸಮಪಾಲು ಮಾಡಿದರು. ಅದೂ ಹೆಪ್ಪುಗಟ್ಟಿ ಕೂತಿದೆ.

ನೈಜೀರಿಯಾ ಬೇರೆ ದಾರಿ ಹಿಡಿಯಿತು. ಸ್ವಾತಂತ್ರ್ಯ ಬಂದಾಗ ಮೂರು ದೊಡ್ಡ ಪ್ರಾಂತ್ಯಗಳು, ಒಂದೊಂದರಲ್ಲಿ ಒಂದು ದೊಡ್ಡ ಸಮುದಾಯದ ಯಜಮಾನಿಕೆ. ಪೂರ್ವದ ಪ್ರಾಂತ್ಯ ಬೇರೆ ದೇಶವಾಗಲು ಹೊರಟಾಗ ನಡೆದ ಬಿಯಾಫ್ರಾ ಯುದ್ಧ 1967ರಿಂದ 1970. ಆ ಯುದ್ಧದ ಹೊಸ್ತಿಲಲ್ಲೇ 12 ರಾಜ್ಯ ಮಾಡಿದರು, ಈಗ 36. ಅಧ್ಯಕ್ಷನಾಗಲು ಹೆಚ್ಚು ವೋಟು ಬಂದರೆ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕನಿಷ್ಠ ಶೇ. 25 ಬರಬೇಕು. ಬೇರೆಯವರ ಬಾಗಿಲು ತಟ್ಟದೆ ಗೆಲ್ಲಲಾಗದು. ನೈಜೀರಿಯಾ ಶಾಂತವಾಗಿದೆ ಅಂತಲ್ಲ, ಅಲ್ಲಿ ರಕ್ತ ಹರಿಯುತ್ತಲೇ ಇದೆ. ಆದರೆ ಅಂಥ ಯುದ್ಧ ಮರಳಲಿಲ್ಲ. ಕೀನ್ಯಾದಲ್ಲಿ 2007ರ ಚುನಾವಣೆ ನಂತರ ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೋತವರಿಗೆ ಆಗ ಕೋರ್ಟಿನ ಮೇಲೆ ನಂಬಿಕೆ ಇರಲಿಲ್ಲ. 2010ರಲ್ಲಿ ಹೊಸ ಸಂವಿಧಾನ ಬಂತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಧ್ಯಕ್ಷ ಚುನಾವಣೆಯನ್ನೇ ರದ್ದು ಮಾಡಿತು. ಮರುಚುನಾವಣೆಯನ್ನು ವಿರೋಧಿ ಬಹಿಷ್ಕರಿಸಿದ, ಜನ ಸತ್ತರು ಕೂಡ. ಆದರೂ 2007ರ ಮಟ್ಟಕ್ಕೆ ಹೋಗಲಿಲ್ಲ.

ಭಾರತದ 1965 ಮತ್ತು ಶ್ರೀಲಂಕಾದ 1956 ಎರಡನ್ನೂ ಪಕ್ಕಪಕ್ಕ ಇಡಿ. ಹಿಂದಿ ಒಂದೇ ಆಡಳಿತ ಭಾಷೆ ಆಗುತ್ತದೆ ಅಂತ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಕೇಂದ್ರ ಹಿಂದೆ ಸರಿಯಿತು. 1967ರ ತಿದ್ದುಪಡಿಯಲ್ಲಿ, ಹಿಂದಿಯೇತರ ರಾಜ್ಯಗಳ ಶಾಸನಸಭೆಗಳು ಒಪ್ಪುವವರೆಗೂ ಇಂಗ್ಲಿಷ್ ಇರುತ್ತದೆ ಅಂತ ಬರೆದರು. ಅದೇ ವರ್ಷ ಮದ್ರಾಸಿನಲ್ಲಿ ಡಿಎಂಕೆ ಚುನಾವಣೆ ಗೆದ್ದು ಸರ್ಕಾರ ಮಾಡಿತು. ಬೀದಿಯಲ್ಲಿದ್ದವರಿಗೆ ಕುರ್ಚಿ ಸಿಕ್ಕಿತು. ಶ್ರೀಲಂಕಾ ತಮಿಳಿಗೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟದ್ದು 1987ರಲ್ಲಿ. ಆ ಹೊತ್ತಿಗೆ ಭಾಷೆಯ ಮಾತು ಯಾರಿಗೆ ಬೇಕಿತ್ತು?

ನೇರ ಮಾತು

ಬೆಲ್ಜಿಯಂ ಬಿಟ್ಟಿರಲ್ಲ ಮೇಷ್ಟ್ರೇ. 2010–11ರಲ್ಲಿ 541 ದಿನ ಸರ್ಕಾರವೇ ರಚನೆ ಆಗಿರಲಿಲ್ಲ. ಅಲ್ಲಿ ಡಚ್ ಮಾತಾಡುವವರಿಗೂ ಫ್ರೆಂಚ್ ಮಾತಾಡುವವರಿಗೂ ಪಟ್ಟಿಗಳ ಜಗಳ ಮೂರು ಹೊತ್ತೂ ಇದೆ. ಯಾರೂ ಯಾರನ್ನೂ ಕೊಲ್ಲಲಿಲ್ಲ. ದುಡ್ಡಿರುವ ದೇಶ ಅಂತ ಇರಬಹುದಾ?

ಹಳೇ ಮೇಷ್ಟ್ರು

ದುಡ್ಡು ದೊಡ್ಡ ಕಾರಣವೇ. ಫಿಯರನ್ ಮತ್ತು ಲೈಟಿನ್ ಅನ್ನುವ ಇಬ್ಬರು 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳ ಲೆಕ್ಕ ಹಾಕಿ 2003ರಲ್ಲಿ ಇದನ್ನೇ ಹೇಳಿದರು. ಜನಾಂಗ, ಧರ್ಮ ಎಷ್ಟು ಬಗೆ ಇವೆ ಅನ್ನುವುದರಿಂದ ಯುದ್ಧವನ್ನು ಊಹಿಸಲು ಆಗುವುದಿಲ್ಲ. ಬಡತನ, ಕೈಲಾಗದ ಸರ್ಕಾರ ಇವುಗಳಿಂದ ಆಗುತ್ತದೆ. ನಿಮ್ಮ ಗೆಳೆಯನಿಗೆ ಇದೊಂದು ಸಾಕು. ಆದರೆ ಉತ್ತರ ಐರ್ಲೆಂಡ್ ಬಡ ದೇಶ ಆಗಿರಲಿಲ್ಲ. ಹಾಗಾಗಿ ದುಡ್ಡೊಂದೇ ಅಂತ ನಾನು ಒಪ್ಪುವುದಿಲ್ಲ.

ಸ್ವಿಟ್ಜರ್ಲೆಂಡಿನ ಜೂರಾ ಓದಿಕೊಳ್ಳಿ, ಅದನ್ನು ಯಾರೂ ಸೆಮಿನಾರ್‌ಗೆ ತರುವುದಿಲ್ಲ. ಜರ್ಮನ್ ಮಾತಾಡುವ ಬರ್ನ್ ಪ್ರಾಂತ್ಯದ ಒಳಗೆ ಫ್ರೆಂಚ್ ಮಾತಾಡುವ ಕ್ಯಾಥೊಲಿಕರು. 1960ರ ದಶಕದಲ್ಲಿ ಅಲ್ಲೂ ಬೆಂಕಿ, ಬಾಂಬು ಆಗಿದ್ದವು. ಆಮೇಲೆ ಹಂತ ಹಂತವಾಗಿ ಮತಕ್ಕೆ ಹಾಕಿದರು. ಮೊದಲು ಇಡೀ ಪ್ರದೇಶ, ಆಮೇಲೆ ಜಿಲ್ಲೆ, ಆಮೇಲೆ ಗಡಿಯ ಒಂದೊಂದೇ ಊರು. 1979ರಲ್ಲಿ ಜೂರಾ ಬೇರೆ ಪ್ರಾಂತ್ಯ ಆಯಿತು. ಮುಟಿಯೆ ಅನ್ನುವ ಪಟ್ಟಣ ಬರ್ನ್‌ನಲ್ಲೇ ಉಳಿದಿತ್ತು. ಮತ್ತೆ ಕೇಳಿದರು, 2017ರಲ್ಲಿ ನಡೆದ ಮತದಾನ ಅಕ್ರಮದ ದೂರಿನಿಂದ ರದ್ದಾಯಿತು, 2021ರಲ್ಲಿ ಮತ್ತೆ ಮಾಡಿದರು. 2026ರ ಜನವರಿ 1ಕ್ಕೆ ಆ ಊರು ಜೂರಾಕ್ಕೆ ಸೇರಿತು.

ನಿಮ್ಮ ಗೆಳೆಯ ಇದಕ್ಕೆ ಏನಂದ ಅಂತ ಇಲ್ಲೇ ಬರೆಯಿರಿ. ಲೆಬನಾನ್ ಪ್ರಶ್ನೆ ಕೇಳಿದವನು ಸುಮ್ನೆ ಕೂರುವವನಲ್ಲ.